ತಟ್ಟೆಯ ಮೇಲೆ ಹುಳ ಇರುವವರೆಗೆ

"ತಟ್ಟೆ ಮ್ಯಾಲೆ ಉಳ ಇರೋಗಂಟ ನಿಮ್ಮನ್ನ ಯಾರೂ ಎಬ್ಬಿಸಾಕಿಲ್ಲ. ಈ ಶಂಕರಮ್ಮನ ಮಾತು ಇದು. ಬನ್ನಿ, ಏಳಿ ಮ್ಯಾಕೆ."

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ಸೀಮೆಗೆ ಸೇರಿದ ಎರಡನೇ ವರ್ಷ, ಉರಿಬಿಸಿಲಲ್ಲಿ, ನಡುಬೀದಿಯಲ್ಲಿ ನಿಂತು ಕೊಟ್ಟ ಮಾತು ಅದು. ಸಿದ್ದಮಲ್ಲಪ್ಪನನ್ನು ಅವನ ಮನೆಯೊಡೆಯ ಆ ದಿನ ಬೀದಿಗೆ ತಳ್ಳಿದ್ದ. ಪಾತ್ರೆ ಪಡಗ ಹೊರಗೆ ಬಿದ್ದಿದ್ದರೆ ಶಂಕರಮ್ಮ ನೋಡಿಯೂ ನೋಡದಂತೆ ಹೋಗುತ್ತಿದ್ದಳೇನೋ. ಬಿದ್ದಿದ್ದು ರೇಷ್ಮೆಹುಳದ ಹದಿನಾಲ್ಕು ಬಿದಿರಿನ ತಟ್ಟೆಗಳು. ಹುಳಗಳು ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು, ಹೊಸ ಪೊರೆಯಲ್ಲಿ ಎದ್ದು, ಸೊಪ್ಪಿಗಾಗಿ ತಲೆಯೆತ್ತಿ ಆಡಿಸುತ್ತಿದ್ದವು. ಬಿಸಿಲಿಗೆ ಒಂದೊಂದಾಗಿ ಕಪ್ಪಗಾಗುತ್ತಿದ್ದವು. ಸಿದ್ದಮಲ್ಲಪ್ಪನ ಹೆಂಡತಿ ಗುರುಬಸಮ್ಮ ಒಂದು ತಟ್ಟೆಯ ಮೇಲೆ ಸೆರಗು ಹರಡಿ ಕೂತಿದ್ದಳು. ಹದಿನಾಲ್ಕು ತಟ್ಟೆಗೆ ಒಂದು ಸೆರಗು.

ಶಂಕರಮ್ಮ ಕುಂತೂರಿನವಳು. ಅವಳ ತಾಯಿ ಹುಳ ಮೇಯಿಸಿದವಳು. ಹುಳ ಇರುವ ಮನೆಯನ್ನು ಬಾಣಂತಿಯ ಮನೆಯಷ್ಟೇ ಜೋಪಾನವಾಗಿ ನೋಡಬೇಕು, ಕಾಲು ತೊಳೆಯದೆ ಹೊಸ್ತಿಲು ದಾಟಬಾರದು, ಕೂಗಾಡಬಾರದು ಎಂದು ಕೇಳಿಕೊಂಡೇ ಬೆಳೆದವಳು. ಸಿಟ್ಟು ನೆತ್ತಿಗೇರಿ ಆಡಿದ ಮಾತಾದರೂ, ಆಡಿದ ಮೇಲೆ ಹಿಂದೆ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಅವಳ ವಠಾರದಲ್ಲಿ ಎಂಟು ಮನೆ. ಎಂಟು ಮನೆಯವರೂ ಕೂಡಿ ಒಬ್ಬ ಜೋಳದ ವ್ಯಾಪಾರಿಯ ಹಳೇ ಉಗ್ರಾಣವನ್ನು ಕೊಂಡು, ಗೋಡೆ ಹಾಕಿ ಪಾಲು ಮಾಡಿಕೊಂಡಿದ್ದರು. ಬಾವಿ, ಅಂಗಳ, ಕೊನೆಯ ಉದ್ದನೆಯ ಪಡಸಾಲೆ, ಈ ಮೂರು ಮಾತ್ರ ಎಲ್ಲರಿಗೂ ಸೇರಿದ್ದು. ಆ ಪಡಸಾಲೆಯನ್ನೇ ಬಾಡಿಗೆಗೆ ಕೊಟ್ಟಿದ್ದಾಯಿತು. ವಠಾರದ ಕಮಿಟಿ ಕೂತು, "ಹುಳು ಇರುವಾಗ ಇವರನ್ನು ಎಬ್ಬಿಸತಕ್ಕದ್ದಲ್ಲ" ಎಂದು ತೀರ್ಮಾನದ ಪುಸ್ತಕದಲ್ಲಿ ಬರೆದು, ಎಂಟು ಮನೆಯ ರುಜುವನ್ನೂ ಹಾಕಿಸಿತು.

ಮೊದಲ ಎರಡು ಮೂರು ವರ್ಷ ಎಲ್ಲ ನೆಟ್ಟಗಿತ್ತು. ಆಮೇಲೆ ಸಿದ್ದಮಲ್ಲಪ್ಪನ ಮೂಗು ದೊಡ್ಡದಾಯಿತು.

ಹುಳಕ್ಕೆ ಖಾರದ ಘಾಟು ಆಗದು, ನಿಜ. ಸುಣ್ಣದ ವಾಸನೆ, ಬೀಡಿ ಹೊಗೆ ಆಗದು, ಅದೂ ನಿಜ. ಆದರೆ ಅವನ ಪಡಸಾಲೆಗೂ ಮೊದಲ ಮನೆಗೂ ನಡುವೆ ಅಂಗಳ, ಬಾವಿ, ಒಂದು ನುಗ್ಗೆಮರ ಎಲ್ಲ ಇದ್ದವು. ಅವನು ಬಾಗಿಲಲ್ಲಿ ನಿಂತು ಗಾಳಿಗೆ ಮೂಗೊಡ್ಡಿ, "ಯಾರ ಮನೇದು ಅದು ಒಗ್ಗರಣೆ?" ಎಂದು ಕೂಗಿದರೆ ಎಂಟು ಮನೆಯ ಹೆಂಗಸರೂ ಸೌಟು ಹಿಡಿದಲ್ಲೇ ನಿಲ್ಲಬೇಕು. ಒಮ್ಮೆ ಜವಳಿ ಅಂಗಡಿಯ ಗುರುಮಲ್ಲಪ್ಪನ ಮನೆಗೆ ನುಗ್ಗಿ ಉರಿಯುವ ಒಲೆಗೆ ಚೊಂಬು ನೀರು ಸುರಿದ. ದೀಪಾವಳಿಗೆಂದು ಕಲಸಿಟ್ಟ ಸುಣ್ಣದ ಮಡಕೆಯನ್ನು ಒದ್ದು ಒಡೆದ. ಹತ್ತು ವರ್ಷದಿಂದ ವಠಾರದ ಗೋಡೆಗಳು ಸುಣ್ಣ ಕಂಡಿರಲಿಲ್ಲ. ಕೊನೆಗೆ, ಗುರುಮಲ್ಲಪ್ಪನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಹನೂರಿನಿಂದ ಬಂದಾಗ, ಅವರಲ್ಲೊಬ್ಬ ಯಜಮಾನ ಬೀಡಿ ಹಚ್ಚಿದನೆಂದು ತಲೆಬಾಗಿಲಲ್ಲೇ ತಡೆದು ವಾಪಸು ಕಳಿಸಿದ. ಆ ಸಂಬಂಧ ಅಲ್ಲಿಗೆ ಮುರಿಯಿತು.

ಬಾಡಿಗೆಯನ್ನು ಮಾತ್ರ ಒಂದು ದಿನವೂ ತಡ ಮಾಡಿದವನಲ್ಲ. ಅದೇ ಎಲ್ಲರ ಕಷ್ಟ. ಜಗಳಕ್ಕೆ ಒಂದು ನೆಪವೂ ಸಿಗುತ್ತಿರಲಿಲ್ಲ.

ಎಪ್ಪತ್ತೊಂದನೇ ಇಸವಿ, ಗೌರಿಹಬ್ಬ ಕಳೆದ ವಾರ. ಕಮಿಟಿ ನುಗ್ಗೆಮರದ ಕೆಳಗೆ ಸೇರಿತು. ತಾಲ್ಲೂಕು ಕಚೇರಿಯ ಗುಮಾಸ್ತ ಗುರುಪಾದಸ್ವಾಮಿ ಕಾರ್ಯದರ್ಶಿ. ಅವನ ಕಂಕುಳಲ್ಲಿ ತೀರ್ಮಾನದ ಪುಸ್ತಕ. ಗುರುಮಲ್ಲಪ್ಪ ಬರುವಾಗಲೇ ಕೆಂಡವಾಗಿದ್ದ. ಶಂಕರಮ್ಮ ಅಧ್ಯಕ್ಷೆ. ಗಂಡ ತೀರಿಕೊಂಡ ಮೇಲೆ, ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಒಬ್ಬಳೇ ಮಗಳನ್ನು ಬೆಳೆಸಿದವಳು. ಬಾವಿಯ ಜಗಳವನ್ನು ಒಂದೇ ಮಾತಲ್ಲಿ ತೀರಿಸಿದ್ದಕ್ಕೆ ಎಲ್ಲರೂ ಅವಳನ್ನು ಆ ಜಾಗದಲ್ಲಿ ಕೂರಿಸಿದ್ದರು. ಅವಳ ಮಡಿಲಲ್ಲಿ ಒಂದು ಇನ್‌ಲೆಂಡ್ ಕಾಗದವಿತ್ತು. ಯಳಂದೂರಿಗೆ ಕೊಟ್ಟ ಮಗಳು ಪುಟ್ಟಮಲ್ಲಮ್ಮ ಬರೆದದ್ದು. ಚೊಚ್ಚಲ ಬಸುರಿ, ಈಗ ಎಂಟು ತುಂಬುತ್ತಿತ್ತು.

"ಅವ್ವಾ," ಎಂದು ಮಗಳು ಬರೆದಿದ್ದಳು, "ಅತ್ತೆ ನನ್ನನ್ನು ಕಳಿಸುವುದಿಲ್ಲ ಅನ್ನುತ್ತಾರೆ. ಒಗ್ಗರಣೆ ಹಾಕಬಾರದು, ಹೊಗೆ ಹಾಕಬಾರದು, ಬೆಳ್ಳುಳ್ಳಿ ಹುರಿಯಬಾರದು, ಅಂಥ ವಠಾರದಲ್ಲಿ ಎಂಥ ಬಾಣಂತನ ಅನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ನನಗೆ ನೀನೇ ಬೇಕು."

ಶಂಕರಮ್ಮ ಆ ಕಾಗದದಲ್ಲಿದ್ದದ್ದನ್ನು ಕಮಿಟಿಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ; ಪೋಸ್ಟಿನವನು ಅದನ್ನು ಅಂಗಳದಲ್ಲೇ ಓದಿಕೊಟ್ಟಿದ್ದ.

"ವಕೀಲರನ್ನ ಕೇಳ್ದೆ," ಎಂದ ಗುರುಪಾದಸ್ವಾಮಿ. "ನೋಟೀಸು ಕೊಡಬೋದಂತೆ. ಕೇಸು ಮುಗಿಯೋ ಒತ್ಗೆ ನಮ್ ಪುಟ್ಟಿ ಮಗ ಇಸ್ಕೂಲಿಗೆ ಸೇರ್ತಾನಂತೆ. ಅದೂ ಅಲ್ದೆ ಈ ಪುಸ್ತಕದಲ್ಲಿ ನಾವೇ ಬರ್ಕಂಡಿರೋ ಸಾಲು ಒಂದದೆ. ಅಂವ ಕೋರ್ಟಲ್ಲಿ ಅದನ್ನೇ ತೋರುಸ್ತಾನೆ."

"ಉಳ ಇರೋಗಂಟ ತಾನೆ?" ಗುರುಮಲ್ಲಪ್ಪ ಮುಂದಕ್ಕೆ ಬಾಗಿದ. "ಉಳನೇ ಇಲ್ದಂಗೆ ಮಾಡಾನ. ಎಲ್ಡು ಸೇರು ಬ್ಯಾಡಗಿ ಮೆಣಸಿನಕಾಯಿ ತರ್ತೀನಿ. ಅವನ ಕಿಟಕಿ ತಾವ ಕೆಂಡದ ಮ್ಯಾಲೆ ಸುರುದ್ರೆ ಬೆಳಗಾಗೋದ್ರಲ್ಲಿ ಎಲ್ಲಾ ಖಾಲಿ."

"ಉಳ ಏನು ಮಾಡ್ತಲಾ ನಿಂಗೆ?" ಎಂದಳು ಶಂಕರಮ್ಮ.

"ಉಳದ ಯಜಮಾನ ಮಾಡಿದ್ನಲ್ಲಕ್ಕಾ! ನನ್ ತಂಗಿ ಇನ್ನೂ ಮನೇಲಿ ಕೂತವ್ಳೆ."

"ಗೊತ್ತು. ಆದ್ರೂ ಅದು ಬ್ಯಾಡ. ಅವತ್ತು ಬೀದೀಲಿ ಅವುನ್ನ ಬಿಸಿಲಿಗೆ ಸುರ್ದೋನಿಗೂ ನಮ್ಗೂ ಏನು ಯತ್ಯಾಸ? ನಾನು ಕೊಟ್ಟ ಮಾತದು, ನಾನೇ ಸರಿ ಮಾಡ್ತೀನಿ. ಒಂದು ತಿಂಗ್ಳು ನಂಗೆ ಬುಡಿ."

"ಒಂದು ತಿಂಗ್ಳಲ್ಲಿ ಅಂವ ಏಳ್ತಾನಾ?"

"ಏಳ್ತಾನೆ."

ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಹೇಗೆ ಎಂದು ಕೇಳುವುದನ್ನೇ ಇಬ್ಬರೂ ಮರೆತರು.

ಮಾರನೇ ಬೆಳಿಗ್ಗೆ ಶಂಕರಮ್ಮ ಕಾಲು ತೊಳೆದುಕೊಂಡು ಪಡಸಾಲೆಯ ಹೊಸ್ತಿಲು ದಾಟಿದಳು. ಒಳಗೆ ಸೊಪ್ಪು ಕಡಿಯುವ ಸದ್ದು, ದೂರದಲ್ಲಿ ಜಿನುಗುಮಳೆ ಬಿದ್ದ ಹಾಗೆ. ಹಂತ ಹಂತವಾಗಿ ಜೋಡಿಸಿದ ತಟ್ಟೆಗಳು. ಸಿದ್ದಮಲ್ಲಪ್ಪ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದ. ತೆಳ್ಳನೆಯ ಆಳು, ನಿದ್ದೆಗೆಟ್ಟ ಕಣ್ಣು.

"ಸಿದ್ದಮಲ್ಲಣ್ಣ, ನಿಮ್ಮನ್ನ ಎಬ್ಬಿಸಾಕೆ ಬಂದಿವ್ನಿ. ನಿಮಗೆ ಇಲ್ಲಿ ಸರಿಬತ್ತಾ ಇಲ್ಲ, ನಮಗೂ ಸರಿಬತ್ತಾ ಇಲ್ಲ. ಬಂಡಳ್ಳೀಲಿ ನಿಮ್ ಬಾಮೈದನ ತೋಟದ ಮನೆ ಖಾಲಿ ಅದಂತಲ್ಲ. ಸುತ್ತ ಸೊಪ್ಪಿನ ತೋಟ. ಅಕ್ಕಪಕ್ಕ ಒಲೆ ಇಲ್ಲ."

ಸಿದ್ದಮಲ್ಲಪ್ಪ ಕತ್ತಿ ಕೆಳಗಿಟ್ಟು ನಕ್ಕ. "ಬಾಮೈದನ ಬಾಗ್ಲಲ್ಲಿ ನಾನು ಬಿದ್ದಿರ್ಲಾ? ಶಂಕ್ರಕ್ಕ, ನೀವು ಕೊಟ್ಟ ಮಾತು ನೆಪ್ಪದಾ?"

"ಅದೆ."

"ಇವು ಎಲ್ಡನೇ ಜ್ವರ ಎದ್ದವೆ. ಇವು ಅಣ್ಣಾಗಿ ಗೂಡು ಕಟ್ಟೋ ಒತ್ಗೆ ಮುಂದಿನ ಮೊಟ್ಟೆ ಒಡ್ದಿರ್ತದೆ. ಅವು ಅಣ್ಣಾಗೋ ಒತ್ಗೆ ಅದರ ಮುಂದಿಂದು. ತಟ್ಟೆ ಖಾಲಿ ಇರೋ ಒಂದು ದಿನ ತೋರ್ಸಿ, ಅವತ್ತೇ ಗಂಟುಮೂಟೆ ಕಟ್ತೀನಿ. ಶಿವನಾಣೆ."

"ಆಣೆ ಮಾಡುದ್ರಿ, ನೆಪ್ಪಿರ್ಲಿ," ಎಂದಳು ಶಂಕರಮ್ಮ.

ಹೊರಡುವಾಗ ಮೂಲೆಯ ಕಸದ ಬುಟ್ಟಿಯತ್ತ ಅವಳ ಕಣ್ಣು ಹೋಯಿತು. ಒಣಸೊಪ್ಪಿನ ನಡುವೆ ಬೆಳ್ಳಗೆ, ಕಡ್ಡಿಯಂತೆ ಸೆಟೆದ ಸತ್ತ ಹುಳಗಳು ಹಿಡಿಗಟ್ಟಲೆ ಬಿದ್ದಿದ್ದವು. ಸುಣ್ಣಕಟ್ಟು ರೋಗ. ಅವಳ ತಾಯಿ ಪ್ರತಿ ಬೆಳೆಯಾದ ಮೇಲೂ ಮನೆಯನ್ನು ಬರಿದು ಮಾಡುತ್ತಿದ್ದಳು. ತಟ್ಟೆ ತೊಳೆದು ಬಿಸಿಲಿಗಿಟ್ಟು, ನೆಲ ಸಾರಿಸಿ, ಎಂಟು ಹತ್ತು ದಿನ ಸುಮ್ಮನೆ ಬಿಡುತ್ತಿದ್ದಳು. ಸಿದ್ದಮಲ್ಲಪ್ಪನ ಪಡಸಾಲೆ ಹತ್ತು ವರ್ಷದಿಂದ ಒಂದು ದಿನ ಬರಿದಾಗಿರಲಿಲ್ಲ. ಬೀದಿಪಾಲಾಗುವ ಹೆದರಿಕೆಗೆ ಬೆಳೆಯ ಬೆನ್ನಿಗೆ ಬೆಳೆ ಇಟ್ಟು, ತನ್ನ ಹುಳವನ್ನು ತಾನೇ ಕೊಲ್ಲುತ್ತಿದ್ದ. ಬೈಗುಳ ಮಾತ್ರ ಪಕ್ಕದ ಮನೆಯ ಸಾಸಿವೆಗೆ. ಶಂಕರಮ್ಮನಿಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಎಬ್ಬಿಸುವ ಹಟ ಮಾತ್ರ ಇಮ್ಮಡಿಯಾಯಿತು.

ಬಾವಿಕಟ್ಟೆಯಲ್ಲಿ ಗುರುಬಸಮ್ಮ ಸಿಕ್ಕಳು. ಸೊಪ್ಪಿನ ಕಲೆಗೆ ಬೆರಳುಗಳೆಲ್ಲ ಕಪ್ಪಾಗಿದ್ದವು. ಶಂಕರಮ್ಮ ಅವಳ ಕೊಡಕ್ಕೂ ತಾನೇ ನೀರು ಸೇದಿ ಸುರಿದಳು.

"ಸುಣ್ಣಕಟ್ಟು ಬಿದ್ದದಲ್ಲ ಗುರುಬಸಿ. ಮನೆ ಬರಿದು ಮಾಡ್ದೆ ಓಗಾಕಿಲ್ಲ ಅದು."

"ಗೊತ್ತು ಕಣಕ್ಕ. ಏಳುದ್ರೆ ಅಂವ ಕೇಳ್ಬೇಕಲ್ಲ."

"ಬಂಡಳ್ಳಿಗೆ ಓಗಿ ಎಷ್ಟು ವರ್ಸ ಆಯ್ತು ನೀನು?"

ಗುರುಬಸಮ್ಮ ಕೊಡದೊಳಗಿನ ನೀರನ್ನೇ ನೋಡುತ್ತ ನಿಂತಳು. "ಅನ್ನೊಂದು. ನಮ್ಮವ್ವ ಸತ್ತಾಗ ಉಳ ನಾಕ್ನೇ ಜ್ವರಕ್ಕೆ ಕೂತಿತ್ತು. ಸೂತಕದ ಮೈಯಲ್ಲಿ ಒಳೀಕ್ ಬರಂಗಿಲ್ಲ, ಓಗ್ಬ್ಯಾಡ ಅಂದ. ಓಗ್ಲಿಲ್ಲ. ಮಣ್ಣಿಗೂ ಓಗ್ಲಿಲ್ಲ."

ಏನು ಮಾಡಬೇಕೆಂದು ಹೇಳಿಕೊಡುವುದು ಶಂಕರಮ್ಮನಿಗೆ ಬೇಕಿರಲಿಲ್ಲ. ಹಗ್ಗ ಸುತ್ತಿ ಗೂಟಕ್ಕೆ ಹಾಕಿದಳು. ಗುರುಬಸಮ್ಮ ತಾನಾಗಿಯೇ ಕೇಳಿದಳು:

"ಪುಟ್ಟಿ ಯಾವಾಗ್ ಬತ್ತಾಳಕ್ಕ?"

"ಕರ್ಕಬರಾಕೆ ಜಾಗ ಆಗ್ಬೇಕಲ್ಲ ಮೊದ್ಲು."

"ಮೊಟ್ಟೆ ತರೋಳು ನಾನು," ಎಂದಳು ಗುರುಬಸಮ್ಮ. ಅಷ್ಟು ಹೇಳಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ನಡೆದಳು.

ಸಿದ್ದಮಲ್ಲಪ್ಪನ ಮನೆಯ ನೇಮ ಅದು, ಅವನೇ ಮಾಡಿಟ್ಟದ್ದು. ಬಿತ್ತನೆ ಕೋಠಿಯಿಂದ ಮೊಟ್ಟೆ ಅಂಟಿದ ಹಾಳೆ ತರುವುದು, ಮರಿ ಒಡೆಯುವವರೆಗೆ ಅದನ್ನು ಕಾಯುವುದು ಮನೆಯ ಹೆಂಗಸಿನ ಕೆಲಸ. ಮೊಟ್ಟೆಗೆ ಗಂಡಸಿನ ಕೈ ಸೋಕಿದರೆ ಹುಳ ಏಳುವುದಿಲ್ಲ ಎಂದು ಅವನು ನಂಬಿದ್ದ. ಮೂರನೇ ಜ್ವರ ಕಳೆದ ದಿನ ಎಂಟು ಮನೆಗೂ ಅವನ ದನಿ ಕೇಳಿಸಿತು.

"ಮೊಟ್ಟೆ ತರಾಕಿಲ್ಲ ಅಂದ್ರೆ ಏನ್ಲೇ ಅರ್ಥ?"

"ತರಾಕಿಲ್ಲ ಅಂತ ಅರ್ಥ."

"ತಟ್ಟೆ ಖಾಲಿಯಾದ್ರೆ ಬೀದಿಗ್ ಆಕ್ತಾರೆ ಕಣೇ! ಅವತ್ತು ನೋಡ್ಲಿಲ್ವಾ?"

"ನೋಡ್ದೆ. ಸೆರಗು ಆಸಿದ್ದೋಳು ನಾನೇ. ಅವತ್ತಿಂದ ಅದಿಮೂರು ವರ್ಸ ಒಂದಿನಾನೂ ನೆಟ್ಟಗೆ ಮಲಗಿಲ್ಲ ನಾನು. ನನ್ ತಮ್ಮನ ತೋಟಕ್ಕೆ ಓಗಾನ. ಅಲ್ಲಿ ಮನೆ ತೊಳ್ದು, ಬರಿದು ಮಾಡಿ, ಆಮೇಕ್ಕೆ ಮೊಟ್ಟೆ ತರ್ತೀನಿ. ಇಲ್ಲಿಗ್ ತರಾಕಿಲ್ಲ. ಬೇಕಾದ್ರೆ ನೀನೇ ತಕಂಬಾ."

ಅವನು ಬಾಗಿಲವರೆಗೆ ಬಂದು, ಹವಾಯಿ ಚಪ್ಪಲಿ ಮೆಟ್ಟಿ, ಅಂಗಳದ ನಡುವಿನ ತನಕ ಹೋಗಿ ನಿಂತುಬಿಟ್ಟ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಕಂಡಿಕೆ ಸುತ್ತುತ್ತ ಜಗಲಿಯಲ್ಲಿ ಕೂತಿದ್ದ ಶಂಕರಮ್ಮ ರಾಟೆ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಅವನು ಹಿಂದಿರುಗಿ ಒಳಗೆ ಹೋದ. ಮುಂದಿನ ಬೆಳೆಗೆ ಮೊಟ್ಟೆ ಬರಲೇ ಇಲ್ಲ.

ಅದೇ ಸಂಜೆ ಶಂಕರಮ್ಮ ಬೀಗಿತ್ತಿಗೆ ಕಾಗದ ಬರೆಸಿದಳು: "ಇಂಥ ದಿನ ಮಗಳನ್ನು ಬಸ್ಸು ಹತ್ತಿಸಿ. ಮನೆ ಸಿದ್ಧವಿದೆ." ದಿನವನ್ನು ಅವಳು ಹುಳದ ಲೆಕ್ಕದಲ್ಲೇ ಇಟ್ಟಿದ್ದಳು. ನಾಲ್ಕನೇ ಜ್ವರ, ಆಮೇಲೆ ಏಳೆಂಟು ದಿನದ ದೊಡ್ಡ ಮೇವು, ಹಣ್ಣಾಗುವುದು, ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟುವುದು. ತಾಯಿಯ ಕೈಕೆಳಗೆ ಕಲಿತ ಲೆಕ್ಕ ತಪ್ಪುವಂತಿರಲಿಲ್ಲ.

ಆ ದಿನ ಬಂತು. ಗೂಡು ಬಿಡಿಸಿ ಮೂಟೆ ಕಟ್ಟಿದ್ದಾಗಿತ್ತು. ಬಂಡಳ್ಳಿಯಿಂದ ಗುರುಬಸಮ್ಮನ ತಮ್ಮ ಕಳಿಸಿದ ಎತ್ತಿನ ಗಾಡಿ ತಲೆಬಾಗಿಲಲ್ಲಿ ನಿಂತಿತ್ತು. ಕಮಿಟಿಯವರೇ ಕೈಹಾಕಿ ತಟ್ಟೆಗಳನ್ನು ಹೇರುತ್ತಿದ್ದರು. ಅಷ್ಟರಲ್ಲಿ ಯಳಂದೂರಿನ ಬಸ್ಸಿಳಿದ ಪುಟ್ಟಮಲ್ಲಮ್ಮ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಗಾಡಿಯ ಪಕ್ಕದಿಂದ ಸುತ್ತಿಕೊಂಡು ಒಳಗೆ ಬಂದಳು.

"ಇನ್ನೂ ಉಳ ಅವೆ," ಎಂಬ ದನಿ ಪಡಸಾಲೆಯಿಂದ ಕೇಳಿಸಿತು.

ಎಲ್ಲರೂ ಒಳಗೆ ಹೋದರು. ಮೂಲೆಯಲ್ಲಿ ಒಂದು ತಟ್ಟೆ ಉಳಿದಿತ್ತು. ಅದರ ಪಕ್ಕದಲ್ಲಿ ಸಿದ್ದಮಲ್ಲಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತಟ್ಟೆಯಲ್ಲಿ ಹನ್ನೊಂದು ಹುಳ. ಹಿಂದೆ ಬಿದ್ದವು, ಇನ್ನೂ ಹಸಿರು ಮೈ.

"ಇದೇನ್ ತಮಾಸೆನಯ್ಯ!" ಎಂದು ಗುರುಮಲ್ಲಪ್ಪ ತಟ್ಟೆಗೆ ಕೈಹಾಕಿದ. "ಅನ್ನೊಂದು ಉಳಕ್ಕೆ ಗಾಡಿ ಕಾಯ್ಬೇಕಾ? ಮಡ್ಲಲ್ಲಿ ಕಟ್ಕಂಡು ಓಗು."

"ತಟ್ಟೆ ಕೆಳೀಕಿಡು ಗುರುಮಲ್ಲ," ಎಂದಳು ಶಂಕರಮ್ಮ.

"ಅಕ್ಕಾ, ಬಸ್ರಿ ಎಣ್ಣು ಬಾಗ್ಲಲ್ಲಿ ನಿಂತವ್ಳೆ!"

"ನಿಂತಿರ್ಲಿ. ಅವಳಿಗೂ ಕೇಳ್ಸಲಿ. ಅನ್ನೊಂದು ಉಳ ಇದ್ರೂ ಉಳವೇ. ಇಡು ಕೆಳೀಕೆ."

ಗುರುಮಲ್ಲಪ್ಪ ಇಟ್ಟ. ಶಂಕರಮ್ಮ ಕುಕ್ಕರುಗಾಲಲ್ಲಿ ಕೂತು ತಟ್ಟೆಯನ್ನು ನೋಡಿದಳು. ಅದರಲ್ಲಿದ್ದ ಸೊಪ್ಪು ನಿನ್ನೆಯದು, ಬಾಡಿ ಸುರುಟಿತ್ತು. ಅವಳಿಗೆ ತಿಳಿಯಿತು. ಬೇಕೆಂದೇ ಅರೆಹೊಟ್ಟೆಯಲ್ಲಿ ಇಟ್ಟಿದ್ದ. ಹೊಟ್ಟೆ ತುಂಬದ ಹುಳ ಎಳೆದಾಡುತ್ತದೆ, ಬೇಗ ಹಣ್ಣಾಗುವುದಿಲ್ಲ.

"ಸಿದ್ದಮಲ್ಲಣ್ಣ, ನೀವು ಸುಮ್ನಿರಿ, ದಣ್ದಿದೀರಿ. ಇವುಕ್ಕೆ ನಾನು ಸೊಪ್ಪಾಕ್ತೀನಿ."

"ನೀವಾ?"

"ಯಾಕೆ, ಕುಂತೂರಿನವಳು ಉಳ ಕಾಣ್ದೋಳಾ?"

ಗಾಡಿಯವನಿಗೆ ಊಟ ಹಾಕಿಸಿ, ನಾಲ್ಕು ದಿನ ಬಿಟ್ಟು ಬಾ ಎಂದು ಕಳಿಸಿದಳು. ಎಂಟು ಮನೆಗೂ ಹೇಳಿ ಕಳಿಸಿದಳು: "ಉಳ ಅಣ್ಣಾಗೋಗಂಟ ಒಗ್ಗರಣೆ ಇಲ್ಲ, ಧೂಪ ಇಲ್ಲ. ಯಾರ್ ಮನೇಲಾದ್ರೂ ಸಾಸ್ವೆ ಸಿಡುದ್ರೆ ನಾನೇ ಬತ್ತೀನಿ ಚೊಂಬು ತಕಂಡು." ಸಿದ್ದಮಲ್ಲಪ್ಪನ ಮಾತು ಅವಳ ಬಾಯಲ್ಲಿ ಕೇಳಿ ಹೆಂಗಸರೆಲ್ಲ ನಕ್ಕರು. ನಕ್ಕರೂ ಯಾರೂ ಸಿಡಿಸಲಿಲ್ಲ.

ಹೊತ್ತಿಗೊಮ್ಮೆ ಅವಳು ತಾಜಾ ಸೊಪ್ಪು ಹಾಕಿದಳು, ಮಂಜು ಒರೆಸಿದ ಬಲಿತ ಎಲೆ. ಹಿಕ್ಕೆ ತೆಗೆದಳು. ಸೊಪ್ಪು ಕುಯ್ದು ತಂದವಳು ಗುರುಬಸಮ್ಮ. ಸಿದ್ದಮಲ್ಲಪ್ಪ ಗೋಡೆಗೊರಗಿ, ತನ್ನ ಹುಳವನ್ನು ಇನ್ನೊಬ್ಬರು ಮೇಯಿಸುವುದನ್ನು ಸುಮ್ಮನೆ ನೋಡಿದ. ಎರಡನೇ ಮಧ್ಯಾಹ್ನ ಅವನು ಕೂತಲ್ಲೇ ನಿದ್ದೆಹೋದ. ಹತ್ತು ವರ್ಷದಲ್ಲಿ ಅವನು ಹಗಲು ಮಲಗಿದ್ದನ್ನು ವಠಾರದವರು ಕಂಡಿರಲಿಲ್ಲ.

ಪುಟ್ಟಮಲ್ಲಮ್ಮ ಸಪ್ಪೆ ಸಾರಿನ ತಟ್ಟೆ ಹಿಡಿದು ಬಾಗಿಲಾಚೆ ಕೂತಳು. "ಅವ್ವಾ, ನಾನು ನಿನ್ ಮಗಳಾ, ಅವು ನಿನ್ ಮಕ್ಕಳಾ? ಅತ್ತೆ ಮನೇಲಿ ಇದ್ದಿದ್ರೆ ಇವತ್ತು ಹುರುಳಿಕಾಳು ಬಸ್ಸಾರು."

"ಮೂರು ದಿನ ತಡ್ಕ. ಆಮೇಲೆ ನಿಂಗೆ ಮೂರು ತಿಂಗ್ಳು ಬೆಳ್ಳುಳ್ಳಿ."

"ಬಂದಿರೋಳು ನಾನು, ಸೊಪ್ಪು ಅವುಕ್ಕೆ."

"ಅವು ಮೊದ್ಲು ಬಂದಿರೋವು ಕಣೇ."

ಮೂರನೇ ದಿನ ಬೆಳಿಗ್ಗೆ ಹುಳಗಳ ಮೈ ತಿಳಿಯಾಯಿತು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ಹಳದಿ. ಸೊಪ್ಪು ಬಿಟ್ಟು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕತೊಡಗಿದವು. ಶಂಕರಮ್ಮ ಒಂದೊಂದನ್ನೇ ಎತ್ತಿ ಚಂದ್ರಿಕೆಯ ಬಿದಿರಿನ ಸುರುಳಿಯ ಮೇಲೆ ಬಿಟ್ಟಳು. ಹತ್ತಾಯಿತು. ಹನ್ನೊಂದನೆಯದು ಸಂಜೆಯ ತನಕ ಎಲೆ ಬಿಡಲಿಲ್ಲ. ಗುರುಪಾದಸ್ವಾಮಿ ಕಚೇರಿಯಿಂದ ಬಂದವನು ಅಂಗಿಯನ್ನೂ ಬಿಚ್ಚದೆ ಬಾಗಿಲಲ್ಲಿ ಬಗ್ಗಿ ನೋಡಿದ. "ಆಯ್ತಾ ಅಕ್ಕ?"

"ತಿಂತಾ ಅದೆ. ತಿನ್ಲಿ."

ದೀಪ ಹಚ್ಚುವ ಹೊತ್ತಿಗೆ ಅದೂ ತಲೆಯೆತ್ತಿತು. ಅದನ್ನು ಎತ್ತಿಕೊಂಡವಳು ಶಂಕರಮ್ಮನಲ್ಲ. ಸಿದ್ದಮಲ್ಲಪ್ಪನೇ ಎದ್ದು ಬಂದು, ಎರಡು ಬೆರಳಲ್ಲಿ ಹಗುರಾಗಿ ಹಿಡಿದು, ಚಂದ್ರಿಕೆಯಲ್ಲಿ ಒಳ್ಳೆ ಜಾಗ ನೋಡಿ ಬಿಟ್ಟ. ಆಮೇಲೆ ಖಾಲಿ ತಟ್ಟೆಯನ್ನು ಬೋರಲು ಹಾಕಿ ಬೆನ್ನಿಗೆ ಬಡಿದ. ಒಣ ಹಿಕ್ಕೆ ನೆಲಕ್ಕೆ ಉದುರಿತು.

"ಗೂಡು ಗಟ್ಟಿಯಾಗೋಗಂಟ ಇರಿ," ಎಂದಳು ಶಂಕರಮ್ಮ. "ಗಾಡಿ ಕುಲುಕಾಟಕ್ಕೆ ಕೆಡ್ತದೆ."

"ಆಣೆ ಮಾಡಿದ್ದು ತಟ್ಟೆ ಲೆಕ್ಕ. ತಟ್ಟೆ ಖಾಲಿಯಾಯ್ತು." ಅವನು ಮುಖ ಆಚೆ ತಿರುಗಿಸಿದ. "ಇವುನ್ನ ನಿಮ್ ಜಗಲೀಲಿ ಇಟ್ಕಳಿ. ಪುಟ್ಟಿ ನೋಡ್ಕಳ್ಲಿ. ನಮ್ ಗಾಡಿ ನಾಳಿಕ್ ಬತ್ತದೆ."

ಮಾರನೇ ಬೆಳಿಗ್ಗೆ ಗಾಡಿ ಹೊರಟಿತು. ಗುರುಬಸಮ್ಮ ಎಲ್ಲರಿಗಿಂತ ಮೊದಲೇ ಹತ್ತಿ, ಮೂಟೆಗಳ ನಡುವೆ ಜಾಗ ಮಾಡಿಕೊಂಡು, ಬೀದಿಯ ತಿರುವು ಬರುವ ಮೊದಲೇ ಕಣ್ಣು ಮುಚ್ಚಿ ನಿದ್ದೆಹೋಗಿದ್ದಳು. ಗಾಡಿ ತಿರುವು ದಾಟುತ್ತಿದ್ದಂತೆ ಎಂಟೂ ಮನೆಯ ಬಾಣಲೆಗಳಲ್ಲಿ ಒಂದೇ ಸಲ ಸಾಸಿವೆ ಸಿಡಿಯಿತು. ಕರಿಬೇವು, ಒಣಮೆಣಸಿನಕಾಯಿಯ ಘಾಟು ಬೀದಿಗೆ ಹಬ್ಬಿತು.

"ಯಾರ್ ಮನೇದ್ಲಾ ಅದು ಒಗ್ಗರಣೆ?" ಎಂದು ಗಾಡಿಯ ಮೇಲಿಂದ ಕೂಗಿದ್ದು ಕೇಳಿಸಿತು. ಕೂಗಿದ ಮೇಲೆ ಅವನಿಗೇ ನಗು ಬಂದಿರಬೇಕು. ಮತ್ತೆ ಕೂಗಲಿಲ್ಲ.

ಆ ವಾರ ವಠಾರದ ಗೋಡೆಗಳಿಗೆ ಸುಣ್ಣ ಬಿತ್ತು. ಇಪ್ಪತ್ತು ದಿನಕ್ಕೆ ಪುಟ್ಟಮಲ್ಲಮ್ಮ ಅವ್ವನ ಮನೆಯಲ್ಲೇ ಹೆಣ್ಣುಮಗು ಹೆತ್ತಳು. ಗುರುಪಾದಸ್ವಾಮಿ ತೀರ್ಮಾನದ ಪುಸ್ತಕ ತೆರೆದು, ಲೇಖನಿಯ ಮುಚ್ಚಳ ಬಿಚ್ಚಿ, ಪಡಸಾಲೆಯ ವಿಷಯವಾಗಿ ಏನು ಬರೆಯಲಿ ಎಂದು ಕೇಳಿದ. ಬಾಣಂತಿಗೆ ನೀರು ಕಾಯಿಸುತ್ತಿದ್ದ ಶಂಕರಮ್ಮ ಒಲೆಗೆ ಸೌದೆ ತಳ್ಳುತ್ತ, ಆದದ್ದನ್ನು ಬರಿ ಎಂದಳು. ಅವನು ಬರೆದ: "ತಟ್ಟೆಯ ಮೇಲೆ ಹುಳು ಇರುವವರೆಗೆ ಯಾರನ್ನೂ ಎಬ್ಬಿಸಲಿಲ್ಲ."

ಶಂಕರಮ್ಮ ಕೊಟ್ಟ ಮಾತು ನಡೆಸಿಕೊಟ್ಟಳು.